ಹೊಳೆಯ ಮೇಲೊಂದು ದಿನ: ಹೊರಡುವ ಮುನ್ನ

ದಸರಾ ರಜೆಗೆ ಇನ್ನೂ ನಾಲ್ಕು ದಿನ ಇರುವಾಗಲೇ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಅನೇಕ ಮನೆಗಳಲ್ಲಿ ಈ ಮಾತು ಏಳುತ್ತದೆ. ಪಿಯುಸಿ ಓದುವ ಮಗ ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಬಾಯಿ ಬಿಡುತ್ತಾನೆ: "ಅಪ್ಪಾ, ಭಾನುವಾರ ನಾವು ಆರು ಜನ ಹೊಳೆಗೆ ಹೋಗಿ ದೋಣಿ ನಡೆಸಿಕೊಂಡು ಬರ್ತೀವಿ." ಅಪ್ಪ ತಟ್ಟೆಯಿಂದ ತಲೆ ಎತ್ತುವುದಿಲ್ಲ. "ಬೇಡ" ಎನ್ನುತ್ತಾರೆ. ಸಾರು ಬಡಿಸುತ್ತಿದ್ದ ಅಮ್ಮ "ನೀರಿನ ಜೊತೆ ಸರಸ ಬೇಡಪ್ಪಾ" ಎಂದು ಸೇರಿಸುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಮುಗಿಯುವುದು ಮಾತು ಮಾತ್ರ. ಹದಿನೇಳರ ಹುಡುಗನ ಆಸೆ ಒಂದು 'ಬೇಡ'ಕ್ಕೆ ಮುಗಿಯುವುದಿಲ್ಲ. ಭಾನುವಾರ ಬೆಳಿಗ್ಗೆ "ಸ್ನೇಹಿತನ ಮನೆಗೆ ಓದೋಕೆ ಹೋಗ್ತೀನಿ" ಎಂದು ಹೇಳಿ ಹೊರಟವನು ಎಲ್ಲಿಗೆ ಹೋದ, ಯಾರ ಜೊತೆ ಹೋದ, ಯಾವ ನೀರಿಗೆ ಇಳಿದ ಎಂಬುದು ಆ ಮನೆಗೆ ಗೊತ್ತಿರುವುದಿಲ್ಲ. ರಜೆಯ ದಿನಗಳ ಮರುದಿನ ಪತ್ರಿಕೆಯಲ್ಲಿ ಬರುವ ದುಃಖದ ಸುದ್ದಿಗಳಲ್ಲಿ ಎಷ್ಟೋ ಬಾರಿ ಒಂದು ಸಾಲು ಸಾಮಾನ್ಯವಾಗಿರುತ್ತದೆ: ಹೋದದ್ದು ಮನೆಯವರಿಗೆ ತಿಳಿದಿರಲಿಲ್ಲ.

'ಬೇಡ' ಎನ್ನುವುದಕ್ಕಿಂತ ಒಳ್ಳೆಯ ಉತ್ತರ ಒಂದಿದೆ. "ಆಗಲಿ, ಮೊದಲು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸು" ಎನ್ನುವುದು. ಎಲ್ಲಿಗೆ, ಯಾವ ದೋಣಿ, ಎಷ್ಟು ದೂರ, ಎಷ್ಟು ಹೊತ್ತು, ಜೊತೆಯಲ್ಲಿ ಯಾರು, ಹೊಳೆಯ ಮೇಲ್ಭಾಗದಲ್ಲಿ ಏನಿದೆ, ಏನಾದರೆ ಹಿಂತಿರುಗುವುದು? ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಲು ಕುಳಿತ ಹುಡುಗನಿಗೆ ಅರ್ಧ ಹಾಳೆ ತುಂಬುವಷ್ಟರಲ್ಲಿ ತಿಳಿಯದೇ ಇದ್ದ ಅನೇಕ ಸಂಗತಿಗಳು ತಿಳಿಯುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೇಲ್ಭಾಗದ ಪ್ರಶ್ನೆ. ಅದಕ್ಕೆ ಉದಾಹರಣೆ ಹುಡುಕಿಕೊಂಡು ತುಮಕೂರಿನವರು ದೂರ ಹೋಗಬೇಕಾಗಿಲ್ಲ.

ಶಿಂಷೆ ಹೇಳುವ ಪಾಠ

ತುಮಕೂರಿಗೆ ಹತ್ತಿರದ ದೇವರಾಯನದುರ್ಗದ ಬೆಟ್ಟಸಾಲು ಒಂದು ವಿಶೇಷವಾದ ಜಾಗ. ಅಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆ ದಕ್ಷಿಣಕ್ಕೆ ತಿರುಗಿ, ಗುಬ್ಬಿ ತಾಲೂಕಿನ ಕಡಬದ ದೊಡ್ಡ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬಂದು, ಮುಂದೆ ಮದ್ದೂರನ್ನು ದಾಟಿ, ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಕೂಡುತ್ತದೆ. ಒಟ್ಟು ಸುಮಾರು 221 ಕಿಲೋಮೀಟರಿನ ಹಾದಿ.

ವರ್ಷದ ಹೆಚ್ಚು ಕಾಲ ಈ ಹೊಳೆಯನ್ನು ನೋಡಿದವರು ಹೆದರುವ ಪ್ರಶ್ನೆಯೇ ಇಲ್ಲ. ಎಷ್ಟೋ ಕಡೆ ಮರಳಿನ ಮೇಲೆ ಕಣಕಾಲು ಮುಳುಗದಷ್ಟು ನೀರು, ದಡದಲ್ಲಿ ಮೇಯುವ ದನಗಳು, ಬಟ್ಟೆ ಒಗೆಯುವವರು. ದೋಣಿ ತೇಲಿಸಲು ನೀರೇ ಸಾಲದು. ಆದ್ದರಿಂದಲೇ ಇದು 'ಸಾಧು ಹೊಳೆ' ಎಂಬ ಹೆಸರು ಪಡೆಯುತ್ತದೆ. ಹೊಳೆಯ ಸಾಧುತನ ಅದರ ಸ್ವಭಾವವಲ್ಲ, ಆ ದಿನದ ಸ್ಥಿತಿ ಮಾತ್ರ.

2025ರ ಅಕ್ಟೋಬರ್ ತಿಂಗಳಿನಲ್ಲಿ ಮಾರ್ಕೋನಹಳ್ಳಿ ಜಲಾಶಯದ ಕೆಳಗೆ ನಡೆದದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ತುಮಕೂರಿನಿಂದ ಬಂದಿದ್ದ ಒಂದೇ ಕುಟುಂಬದ ಹಲವರು ನೀರಿನಲ್ಲಿ ಆಡುತ್ತಿದ್ದಾಗ ಹರಿವು ಏಕಾಏಕಿ ಏರಿ ಅವರನ್ನು ಕೊಚ್ಚಿಕೊಂಡು ಹೋಯಿತು. ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಅವರು ದುಡುಕಿನವರಲ್ಲ, ಹುಚ್ಚು ಸಾಹಸಕ್ಕೆ ಹೊರಟವರೂ ಅಲ್ಲ. ಎಲ್ಲರ ಹಾಗೆ ರಜೆಯ ಹೊತ್ತಿನಲ್ಲಿ ನೀರು ನೋಡಲು ಬಂದವರು. ಕಾಲ ಕೆಳಗಿದ್ದ ನೀರನ್ನು ಅವರು ನೋಡಿದ್ದರು. ಮೇಲಿದ್ದ ನೀರಿನ ಲೆಕ್ಕ ಅವರಿಗೆ ತಿಳಿಯುವ ಹಾಗಿರಲಿಲ್ಲ.

ಈ ಜಲಾಶಯದ ಒಂದು ವೈಶಿಷ್ಟ್ಯವನ್ನು ವಿಜ್ಞಾನದ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಟ್ಟಿದ ಈ ಅಣೆಕಟ್ಟೆಯಲ್ಲಿ ತಾವಾಗಿಯೇ ಕೆಲಸ ಮಾಡುವ ಎರಡು ಸೈಫನ್‌ಗಳಿವೆ. ಹಿಂದೆ ಮನೆಗಳಲ್ಲಿ ಸೀಮೆಎಣ್ಣೆ ಡಬ್ಬಿಗೆ ಕೊಳವೆ ಇಳಿಬಿಟ್ಟು ಒಮ್ಮೆ ಎಳೆದರೆ ಎಣ್ಣೆ ಅಂಚು ಹತ್ತಿ ಇಳಿದು ತಾನೇ ತಾನಾಗಿ ಹೊರಗೆ ಸುರಿಯುತ್ತಿತ್ತಲ್ಲ, ತತ್ವ ಅದೇ. ಸಾಮಾನ್ಯ ಕೆರೆಯ ಕೋಡಿ ಬೀಳುವಾಗ ಮೊದಲು ತೆಳ್ಳಗೆ ಒಸರಿ, ಆಮೇಲೆ ಹಾಳೆಯಷ್ಟಾಗಿ, ನಿಧಾನಕ್ಕೆ ಹೆಚ್ಚುತ್ತದೆ. ನೋಡುವವರಿಗೆ ಎದ್ದು ಹೋಗಲು ಸಮಯ ಸಿಗುತ್ತದೆ. ಸೈಫನ್ ಹಾಗಲ್ಲ. ನೀರಿನ ಮಟ್ಟ ಒಂದು ಗೆರೆ ಮುಟ್ಟುವವರೆಗೆ ಸುಮ್ಮನಿರುತ್ತದೆ. ಮುಟ್ಟಿ, ಒಳಗಿನ ಗಾಳಿ ಹೊರಹೋದ ಕೂಡಲೇ ಕೊಳವೆ ತುಂಬ ನೀರನ್ನು ಸೆಳೆದು ಹೊರಹಾಕುತ್ತದೆ. ಇದಕ್ಕೆ ಬಾಗಿಲು ತೆಗೆಯುವವರು ಬೇಕಿಲ್ಲ, ಗುಂಡಿ ಒತ್ತುವವರು ಬೇಕಿಲ್ಲ. ಅಣೆಕಟ್ಟೆಯನ್ನು ಕಾಯುವ ದೃಷ್ಟಿಯಿಂದ ಇದು ಜಾಣ ಉಪಾಯ. ಕೆಳಗೆ ನಿಂತವನಿಗೆ ಮಾತ್ರ ಇದು ಮುನ್ಸೂಚನೆ ಕೊಡದ ನೀರು.

ಆದ್ದರಿಂದ ಹೊಳೆಯ ದಿನದ ಹಾಳೆಯಲ್ಲಿ ಮೊದಲ ಪ್ರಶ್ನೆ "ಇಲ್ಲಿ ನೀರು ಹೇಗಿದೆ?" ಎಂಬುದಲ್ಲ. "ಇದರ ಮೇಲೆ ಏನಿದೆ? ಅದು ಎಷ್ಟು ತುಂಬಿದೆ?" ಎಂಬುದು.

ಪತ್ರಿಕೆಯ ಮೂಲೆಯ ಅಂಕಿಗಳು

ಮಳೆಗಾಲದಲ್ಲಿ ಪತ್ರಿಕೆಯ ಒಂದು ಮೂಲೆಯಲ್ಲಿ ಜಲಾಶಯಗಳ ಮಟ್ಟ ಅಚ್ಚಾಗುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಬೇಸಾಯಗಾರರು ಅದನ್ನು ನೋಡುತ್ತಾರೆ. ವಿದ್ಯಾರ್ಥಿಗಳು ಪುಟ ತಿರುವುತ್ತಾರೆ. ಹೊಳೆಗೆ ಹೋಗಬೇಕೆಂದಿರುವ ವಿದ್ಯಾರ್ಥಿ ಅಲ್ಲೇ ನಿಲ್ಲಬೇಕು.

ಅಲ್ಲಿ ಬರುವ 'ಕ್ಯೂಸೆಕ್' ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28.3 ಲೀಟರ್. ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28,300 ಲೀಟರ್. ಬೀದಿಗೆ ಬರುವ ನೀರಿನ ಟ್ಯಾಂಕರಿಗೆ ಹತ್ತು ಸಾವಿರ ಲೀಟರ್ ಎಂದಿಟ್ಟುಕೊಂಡರೆ, ಪ್ರತಿ ಸೆಕೆಂಡಿಗೆ ಸುಮಾರು ಮೂರು ಟ್ಯಾಂಕರ್ ನೀರು! ಹೊರಹರಿವು ಹತ್ತು ಸಾವಿರ ಕ್ಯೂಸೆಕ್ ಎಂದು ಓದಿದ ದಿನ ಸೆಕೆಂಡಿಗೆ ಇಪ್ಪತ್ತೆಂಟು ಟ್ಯಾಂಕರ್ ಹೊಳೆಗೆ ಸುರಿಯುತ್ತಿದೆ ಎಂದರ್ಥ.

ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಬೇಕು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಮೈಮೇಲೆ ಹಾಕುವ ಬಲ ನಾಲ್ಕರಷ್ಟಾಗುತ್ತದೆ. ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ಸುಲಭವಾಗಿ ನಿಂತವನು ಮಧ್ಯಾಹ್ನ ಅದೇ ಮೊಣಕಾಲುದ್ದ ನೀರಿನಲ್ಲಿ ನಿಲ್ಲಲಾರದೆ ಹೋಗಬಹುದು. ಆಳ ನೋಡಿದರೆ ಸಾಲದು, ಓಟವನ್ನೂ ನೋಡಬೇಕು.

ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗೆ ಬರಲು ಸಮಯ ಹಿಡಿಯುತ್ತದೆ ಎಂಬುದೂ ನೆನಪಿರಬೇಕು. ನೀರು ಗಂಟೆಗೆ ಐದು ಕಿಲೋಮೀಟರ್ ಬರುತ್ತದೆಂದು ಅಂದಾಜು ಮಾಡಿದರೆ, ನಲವತ್ತು ಕಿಲೋಮೀಟರ್ ಮೇಲೆ ಬೆಳಿಗ್ಗೆ ಆರಕ್ಕೆ ಬಿಟ್ಟ ನೀರು ದೋಣಿಯವರನ್ನು ಮುಟ್ಟುವುದು ಮಧ್ಯಾಹ್ನ ಎರಡಕ್ಕೆ. ಅಂದರೆ ಸರಿಯಾಗಿ ಹೊಳೆ ನಡುವಿನ ಬಂಡೆಯ ಮೇಲೆ ಕುಳಿತು ಚಿತ್ರಾನ್ನದ ಡಬ್ಬಿ ಬಿಚ್ಚುವ ಹೊತ್ತಿಗೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಹೊಳೆ ಏರುವುದು ಹೀಗೆ. ಬಂಡೆ, ನಡುಗಡ್ಡೆ, ಮರಳದಿಣ್ಣೆಗಳ ಮೇಲೆ ಊಟಕ್ಕೆ ಕೂರಬಾರದು ಎಂಬ ಮಾತಿಗೆ ಕಾರಣವೂ ಇದೇ.

ಕಾಲದ ಆಯ್ಕೆಯೂ ಇದರಿಂದಲೇ ತೀರ್ಮಾನವಾಗಬೇಕು. ದಸರಾ ರಜೆ ಬರುವುದು ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ. ಕೆರೆಗಳು ತುಂಬಿ ಅಂಚಿಗೆ ಬಂದಿರುತ್ತವೆ, ಹೇಮಾವತಿ ನಾಲೆಯ ನೀರೂ ಹರಿಯುತ್ತಿರಬಹುದು, ಸಂಜೆಯಾದರೆ ಗುಡುಗು. ಪುಸ್ತಕ ಮುಚ್ಚಿಟ್ಟು ಹೊರಡಲು ಮಕ್ಕಳಿಗೆ ಸಿಗುವ ಕಾಲ ಹೊಳೆಯ ಮಟ್ಟಿಗೆ ಒಳ್ಳೆಯ ಕಾಲವಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಆಕಾಶ ತಿಳಿಯಾಗಿ, ಹರಿವು ಹದಕ್ಕೆ ಬಂದಿರುತ್ತದೆ. ದಸರೆಯಲ್ಲಿ ಯೋಚನೆ, ಸಂಕ್ರಾಂತಿಯಲ್ಲಿ ಪಯಣ ಎಂದಿಟ್ಟುಕೊಂಡರೆ ಕಲಿಯಲು ಮೂರು ತಿಂಗಳೂ ಸಿಕ್ಕಂತಾಯಿತು.

ಯಾವ ದೋಣಿ, ಯಾವ ಹೊಳೆ?

ಹುಡುಗರ ಬಾಯಲ್ಲಿ ಈಗ ಕಯಾಕ್, ಕೆನೂ ಎಂಬ ಹೆಸರುಗಳು ಓಡಾಡುತ್ತವೆ. ಎರಡೂ ಉದ್ದನೆಯ, ಕಿರಿದಾದ ಹಗುರ ದೋಣಿಗಳೇ. ಕೆನೂ ಮೇಲೆ ತೆರೆದಿರುತ್ತದೆ. ಒಂದೇ ಕಡೆ ಅಲಗಿರುವ ಹುಟ್ಟಿನಿಂದ ನಡೆಸುತ್ತಾರೆ. ಕಯಾಕಿನ ಹುಟ್ಟಿಗೆ ಎರಡು ತುದಿಯಲ್ಲೂ ಅಲಗು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಹೋಗಬೇಕು. ಹಿಮನಾಡಿನ ಇನ್ಯುಯಿಟ್ ಜನ ಸೀಲ್ ಪ್ರಾಣಿಯ ಚರ್ಮವನ್ನು ಚೌಕಟ್ಟಿಗೆ ಬಿಗಿದು ಬೇಟೆಗಾಗಿ ಮಾಡಿಕೊಂಡ ದೋಣಿಯೇ ಕಯಾಕಿನ ಮೂಲ.

ಚರ್ಮವನ್ನು ಚೌಕಟ್ಟಿಗೆ ಬಿಗಿದು ದೋಣಿ ಮಾಡುವ ವಿದ್ಯೆ ಕನ್ನಡ ನಾಡಿಗೂ ಹಳೆಯದು. ನಮ್ಮ ಹರಿಗೋಲು ಅದೇ ಅಲ್ಲವೇ? 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್, ಜನರು ಆನೆಗೊಂದಿಗೆ ಹೊಳೆ ದಾಟುವ ಬುಟ್ಟಿಯಂಥ ದುಂಡು ದೋಣಿಗಳನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರುವಷ್ಟು ಅಗಲ, ನೇರ ಹೋಗದೆ ಸುತ್ತುತ್ತಲೇ ಸಾಗುವ ನಡೆ, ಎಲ್ಲವನ್ನೂ ಅವನು ಗಮನಿಸಿದ್ದ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು, ಫೈಬರ್ ಬಂದಿವೆ. ಸುತ್ತುವ ಗುಣ ಮಾತ್ರ ಹೋಗಿಲ್ಲ. ಆ ಸುತ್ತನ್ನು ಪಳಗಿಸಿ ಗುರಿ ಮುಟ್ಟಿಸುವುದು ಅಂಬಿಗರ ತಲೆಮಾರುಗಳ ವಿದ್ಯೆ. ನೋಡಲು ಸುಲಭ ಎಂದು ಹುಟ್ಟು ಕಿತ್ತುಕೊಂಡು ತಾನೇ ಹಾಕಹೋದವನು ಬುಗುರಿಯಂತೆ ನಿಂತಲ್ಲೇ ತಿರುಗುತ್ತಾನೆ.

ಇನ್ನು ಹೊಳೆ. ತುಮಕೂರು, ಗುಬ್ಬಿ, ಕುಣಿಗಲ್‌ನ ಸುತ್ತ ಕೆರೆಗಳಿಗೆ ಬರವಿಲ್ಲ, ಹೊಳೆಗಳಿಗೆ ಮಾತ್ರ ನೆಚ್ಚಿಕೆಯಿಲ್ಲ. ಶಿಂಷೆಯಲ್ಲಿ ನೀರಿಲ್ಲದ ದಿನ ದೋಣಿ ಹೋಗದು. ನೀರು ಬಂದ ದಿನ ದೋಣಿ ಇಳಿಸಬಾರದು. ಹಾಳೆಯಲ್ಲಿ ಇದನ್ನು ನೇರವಾಗಿ ಬರೆದುಕೊಂಡರೆ ಅರ್ಧ ಅಪಾಯ ಅಲ್ಲೇ ಕಳೆಯಿತು. ನಾಲೆಯಂತೂ ಕೂಡದೇ ಕೂಡದು. ಗಾರೆ ಬಳಿದ ಇಳಿಜಾರು ದಂಡೆಯಲ್ಲಿ ಪಾಚಿ ಹಿಡಿದಿರುತ್ತದೆ. ಒಳಗೆ ಜಾರಿದವನಿಗೆ ಈಜು ಬಂದರೂ ಹತ್ತಿಬರಲು ಹಿಡಿತ ಸಿಗದು.

ಹಾಗಾದರೆ ಹತ್ತಿರದಲ್ಲಿ ಏನಿದೆ? ಕುಣಿಗಲ್, ನಾಗಮಂಗಲದ ಮೇಲೆ ಶ್ರೀರಂಗಪಟ್ಟಣದ ಕಡೆ ಹೋದರೆ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ. ಅಲ್ಲಿ ಅರಣ್ಯ ಇಲಾಖೆಯ ದೋಣಿಯಲ್ಲಿ ಕುಳಿತು ಹೊಳೆಯನ್ನು ಸುತ್ತಬಹುದು. ಸ್ವಂತ ದೋಣಿಗೆ ಅವಕಾಶವಿಲ್ಲ. ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳನ್ನು ಕಂಡವರು ಕಾರಣ ಕೇಳುವುದೂ ಇಲ್ಲ. ಮೇಲೆಯೇ ಕೃಷ್ಣರಾಜಸಾಗರ ಇರುವುದರಿಂದ, ಅಲ್ಲಿಂದ ಹೊರಹರಿವು ಹೆಚ್ಚಿದಾಗ ಇಲ್ಲಿ ದೋಣಿ ವಿಹಾರವನ್ನು ನಿಲ್ಲಿಸುತ್ತಾರೆ. ದಿನವೂ ಅದೇ ನೀರಿನಲ್ಲಿ ಕೈಯಾಡಿಸುವ ಅನುಭವಸ್ಥರೇ ದೋಣಿ ಕಟ್ಟಿಹಾಕುವಾಗ ಹೊಸಬರು ಇಳಿಯುತ್ತೇವೆ ಎನ್ನುವುದರಲ್ಲಿ ಅರ್ಥವಿಲ್ಲ.

ತಾವೇ ಹುಟ್ಟು ಹಿಡಿಯಬೇಕು ಎನ್ನುವವರಿಗೆ ಮದ್ದೂರು, ಹಲಗೂರಿನ ಮೇಲೆ ಕಾವೇರಿ ದಂಡೆಯ ಭೀಮೇಶ್ವರಿ ಇದೆ. ಅಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರದಲ್ಲಿ ಹರಿಗೋಲು, ಕಯಾಕ್ ಎರಡನ್ನೂ ತಿಳಿದವರ ಕಣ್ಗಾವಲಿನಲ್ಲಿ ನಡೆಸುವ ವ್ಯವಸ್ಥೆಯಿದೆ. ಮುಂಚಿತವಾಗಿ ವಿಚಾರಿಸಿ, ಜಾಗ ಕಾಯ್ದಿರಿಸಿಕೊಂಡೇ ಹೋಗಬೇಕು. ಇದು ಕಾವೇರಿ ವನ್ಯಧಾಮದ ಕಾಡು. ದಾರಿಯಲ್ಲಿ ಆನೆ, ನೀರಿನಲ್ಲಿ ಮೊಸಳೆ. ಮೇಲೆ ಕೃಷ್ಣರಾಜಸಾಗರ, ಕಬಿನಿ ಎರಡರ ನೀರೂ ಸೇರಿ ಬರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷೆಯೂ ಅಷ್ಟರಲ್ಲಿ ಕಾವೇರಿಯನ್ನು ಸೇರಿರುತ್ತದೆ. ಶಿಬಿರದವರು ತೋರಿಸಿದ ಗೆರೆಯೊಳಗೇ ಇರಬೇಕು. ಇದೇ ಹೊಳೆಯ ಮುತ್ತತ್ತಿಯ ಸುಳಿಗಳು ಎಷ್ಟು ಮನೆಗಳನ್ನು ಅಳಿಸಿವೆ ಎಂಬುದನ್ನು ಮಂಡ್ಯದ ಕಡೆಯವರು ಹೇಳುತ್ತಾರೆ.

ಇವೆರಡಕ್ಕೂ ಮೊದಲು ಒಂದು ಮೆಟ್ಟಿಲಿದೆ. ಈಜುಕೊಳದಲ್ಲಿ ಈಜು ಕಲಿಯುವುದು, ಆಮೇಲೆ ಅಲೆಯಿಲ್ಲದ ನಿಂತ ನೀರಿನಲ್ಲಿ, ಕಲಿಸುವವರ ಎದುರಿನಲ್ಲಿ, ದೋಣಿ ಮಗುಚಿದರೆ ಏನು ಮಾಡಬೇಕೆಂದು ಬೇಕೆಂದೇ ಮಗುಚಿ ಕಲಿಯುವುದು. ರಾಜ್ಯದಲ್ಲಿ ಯುವಜನರಿಗೆ ಸಾಹಸ ತರಬೇತಿ ನೀಡುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕಾಲೇಜಿನ ಎನ್‌ಸಿಸಿ, ಸ್ಕೌಟ್ ಶಿಕ್ಷಕರ ಮೂಲಕ ಅದರ ಶಿಬಿರಗಳ ವಿವರ ಕೇಳಬಹುದು.

ಹಾಳೆಯ ಲೆಕ್ಕ

ಸ್ಥಳ ಗೊತ್ತಾದ ಮೇಲೆ ಹೊತ್ತಿನ ಲೆಕ್ಕ. ಹೊಸಬರು ಸಾಧು ನೀರಿನಲ್ಲಿ ಗಂಟೆಗೆ ಮೂರು ಕಿಲೋಮೀಟರ್ ಸಾಗಿದರೆ ದೊಡ್ಡದು. ಎಂಟು ಕಿಲೋಮೀಟರಿಗೆ ಮೂರು ಗಂಟೆ. ನಿಲ್ಲುವುದು, ಕೈ ನೋವೆಂದು ಕೂರುವುದು, ಹಕ್ಕಿ ನೋಡುವುದು ಸೇರಿ ನಾಲ್ಕು ಗಂಟೆ. ತುಮಕೂರಿನಿಂದ ಕಾವೇರಿಗೆ ಹೋಗಿಬರಲು ಆರೇಳು ಗಂಟೆ ಬೇಕು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೂ ಕತ್ತಲಾಗುವ ಹೊತ್ತಿಗಷ್ಟೇ ಹಿಂತಿರುಗಲು ಸಾಧ್ಯ. ಆದ್ದರಿಂದ ನೀರಿನ ಮೇಲಿನ ದೂರವನ್ನು ಆಸೆಯಿಂದಲ್ಲ, ಉಳಿದ ಗಂಟೆಗಳಿಂದ ನಿರ್ಧರಿಸಬೇಕು. ಮೂರು ಗಂಟೆಗೆ ಎಲ್ಲರೂ ದಡದಲ್ಲಿರಬೇಕು ಎಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯದು.

ಹರಿವಿನ ಜೊತೆ ಕೆಳಗೆ ಹೋಗುವ ಪಯಣಕ್ಕೆ ಇನ್ನೊಂದು ತೊಡಕು. ಇಳಿದ ಜಾಗವೇ ಬೇರೆ, ಏರುವ ಜಾಗವೇ ಬೇರೆ. ವಾಹನ ಇಳಿದಲ್ಲೇ ನಿಂತಿದ್ದರೆ ನೆನೆದ ಬಟ್ಟೆಯಲ್ಲಿ ಎಂಟು ಕಿಲೋಮೀಟರ್ ನಡೆಯಬೇಕು. ದಡ ಏರುವ ಜಾಗವನ್ನು ಮೊದಲೇ ನೆಲದ ದಾರಿಯಲ್ಲಿ ಹೋಗಿ ಕಣ್ಣಾರೆ ನೋಡಿಬಂದಿರಬೇಕು. ನೀರಿನಿಂದ ನೋಡಿದಾಗ ಗುರುತಾಗುವಂತೆ ಒಂದು ಮರವನ್ನೋ ಗುಡಿಯನ್ನೋ ನೆನಪಿಟ್ಟುಕೊಳ್ಳಬೇಕು.

ನಡುವೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡುಗಳಿವೆಯೇ ಎಂಬುದನ್ನು ಊರಿನವರನ್ನು ಕೇಳಿ ಬರೆದುಕೊಳ್ಳಬೇಕು. ದೋಣಿಯಲ್ಲಿ ಕುಳಿತವನಿಗೆ ಒಡ್ಡು ಮುಂದೆ ಒಂದು ನೇರ ಗೆರೆಯಂತೆ ಕಾಣುತ್ತದೆ, ಅಷ್ಟೆ. ಅದರ ಕೆಳಗೆ ಬಿದ್ದ ನೀರು ಮಗುಚಿಕೊಂಡು ಮತ್ತೆ ಒಡ್ಡಿನ ಕಡೆಗೇ ಬರುತ್ತದೆ. ಸಿಕ್ಕಿದ್ದನ್ನು ಅಲ್ಲೇ ಉರುಳಿಸುತ್ತಿರುತ್ತದೆ. ಆಳೆತ್ತರದ ಒಡ್ಡಿನ ಕೆಳಗೂ ನುರಿತ ಈಜುಗಾರ ಹೊರಬರಲಾರ. ಅಂಥಲ್ಲಿ ಬಹು ಮೊದಲೇ ದಡಕ್ಕೆ ಬಂದು ದೋಣಿಯನ್ನು ಹೊತ್ತು ದಾಟಬೇಕು. ನೀರಿಗೆ ಬಾಗಿದ ಮರದ ಕೊಂಬೆಗಳು, ಮರಳು ತೆಗೆದು ಬಿಟ್ಟ ಗುಂಡಿಗಳು ಇವೂ ಅಷ್ಟೇ ಮೋಸದವು. ಕೊಂಬೆಯ ನಡುವೆ ನೀರು ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಮೈಗೆ ಜಾಕೆಟ್, ಮನೆಗೆ ಚೀಟಿ

ತೇಲುವ ಜಾಕೆಟ್ ಇಲ್ಲದೆ ದೋಣಿ ಇಲ್ಲ. ಈಜು ಬರುತ್ತದೆಂಬುದು ಇದಕ್ಕೆ ಪರ್ಯಾಯವಲ್ಲ. ತಲೆಗೆ ಪೆಟ್ಟಾದವನಿಗೆ ಈಜು ನೆನಪಾಗದು. ಜಾಕೆಟ್ ತೊಟ್ಟ ಮೇಲೆ ಎರಡೂ ಹೆಗಲ ಪಟ್ಟಿ ಹಿಡಿದು ಇನ್ನೊಬ್ಬರು ಮೇಲಕ್ಕೆ ಎಳೆದು ನೋಡಬೇಕು. ಅದು ಕಿವಿಯವರೆಗೆ ಏರಿದರೆ ಸಡಿಲವಾಯಿತು ಎಂದರ್ಥ. ಎಲ್ಲ ಬಕಲ್ ಹಾಕಿರಬೇಕು. ಫೋಟೋ ತೆಗೆಸಿಕೊಳ್ಳಲು ಬಿಚ್ಚುವ ಹುಡುಗರೇ ಹೆಚ್ಚು. ಮೊದಲು ನಿಯಮ ಮಾಡಿಕೊಳ್ಳಬೇಕಾದದ್ದು ಅಲ್ಲೇ.

ಚೀಲದಲ್ಲಿ ಹೆಚ್ಚೇನೂ ಬೇಡ. ಒಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು, ಚಿತ್ರಾನ್ನ ಅಥವಾ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಟೋಪಿ, ಬದಲಿ ಬಟ್ಟೆ, ಗಾಯದ ಪಟ್ಟಿ, ಹದಿನೈದು ಮೀಟರ್ ಹಗ್ಗ, ಒಂದು ಸೀಟಿ. ಮೊಬೈಲನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಕು. ಕಾಲಿಗೆ ಪಟ್ಟಿ ಇರುವ ಚಪ್ಪಲಿ. ಜೀನ್ಸ್ ಬೇಡ, ನೆನೆದರೆ ಭಾರ. ತಂದ ಪ್ಲಾಸ್ಟಿಕ್ ತಂದವರ ಜೊತೆಗೇ ಹಿಂತಿರುಗಬೇಕು.

ಮನೆಯಲ್ಲಿ ಒಂದು ಚೀಟಿ ಉಳಿಯಬೇಕು. ಯಾರು ಯಾರು, ಅವರ ಮನೆಯ ಫೋನ್, ಇಳಿಯುವ ಜಾಗ, ಏರುವ ಜಾಗ, ದಡ ಸೇರಿ ಫೋನ್ ಮಾಡುವ ಹೊತ್ತು. ಆ ಹೊತ್ತು ಮೀರಿ ಒಂದು ಗಂಟೆಯಾದರೂ ಕರೆ ಬರದಿದ್ದರೆ ಮನೆಯವರು ಯಾರಿಗೆ ಫೋನ್ ಮಾಡಬೇಕು ಎಂಬುದೂ ಅದರಲ್ಲಿರಬೇಕು. ತುರ್ತು ಸಂಖ್ಯೆ 112 ಎಲ್ಲರಿಗೂ ಬಾಯಿಪಾಠವಾಗಿರಲಿ.

ಆಪತ್ತಿನ ಗಳಿಗೆಗೆ ಒಂದೇ ಮಾತು: ಹಾರಬಾರದು. ಒಬ್ಬ ಮುಳುಗಿದಾಗ ಅವನನ್ನು ಎತ್ತಲು ಇನ್ನೊಬ್ಬ, ಅವನಿಗಾಗಿ ಮತ್ತೊಬ್ಬ, ಹೀಗೆ ಒಬ್ಬರ ಹಿಂದೊಬ್ಬರು ಹೋದ ಕಥೆಗಳು ಪ್ರತಿ ಜಿಲ್ಲೆಯಲ್ಲೂ ಇವೆ. ದಡದಲ್ಲಿ ನಿಂತು ಹಗ್ಗ ಎಸೆಯಬೇಕು. ಹಗ್ಗವಿಲ್ಲದಿದ್ದರೆ ಪಂಚೆ, ಸೀರೆ, ಉದ್ದನೆಯ ಬಿದಿರು, ಮುಚ್ಚಳ ಬಿಗಿದ ಖಾಲಿ ಕ್ಯಾನು. ಮೇಲೆತ್ತಿದವರನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ಹಳ್ಳಿಗಳಲ್ಲಿ ಈಗಲೂ ಉಂಟು. ಅದರಿಂದ ಅಮೂಲ್ಯ ನಿಮಿಷಗಳು ಹಾಳಾಗುತ್ತವೆ. ಉಸಿರಾಟ ನಿಂತಿದ್ದರೆ ಬಾಯಿಂದ ಉಸಿರು ಕೊಡುವುದು, ಎದೆ ಒತ್ತುವುದು, ಇವೇ ಸರಿಯಾದ ಚಿಕಿತ್ಸೆ. ಇದನ್ನು ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕೈಯಾರೆ ಕಲಿಯಬೇಕು. ಗುಂಪಿನಲ್ಲಿ ಕನಿಷ್ಠ ಇಬ್ಬರಿಗಾದರೂ ಬರಬೇಕು. ನೀರಿನಲ್ಲಿ ಮುಳುಗಿ ಸಾಯುವುದು ತಡೆಯಬಹುದಾದ ಸಾವು ಎಂಬ ಕಾರಣಕ್ಕೇ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಅದರ ತಡೆಗೆಂದು ಮೀಸಲಿಟ್ಟಿತು.

ದೋಣಿಯಿಲ್ಲದ ಒಂದು ದಿನ

ಇಷ್ಟೆಲ್ಲ ಕೇಳಿದ ಮೇಲೆ ಹುಡುಗರ ಉತ್ಸಾಹ ಇಳಿಯಬಾರದು. ಈ ದಸರಾ ರಜೆಗೇ ಮಾಡಬಹುದಾದ ಒಂದು ಕೆಲಸವಿದೆ. ಬಸ್ಸಿನಲ್ಲೋ ಅಪ್ಪನ ಸ್ಕೂಟರಿನಲ್ಲೋ ಶಿಂಷೆಯನ್ನು ನೆಲದ ಮೇಲಿನಿಂದಲೇ ಹಿಂಬಾಲಿಸುವುದು. ಬೆಳಿಗ್ಗೆ ದೇವರಾಯನದುರ್ಗದ ನಾಮದ ಚಿಲುಮೆ; ರಾಮನು ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂದು ಜನ ಹೇಳುವ ಆ ಪುಟ್ಟ ಒರತೆಯನ್ನು ನೋಡಿ, ಗುಬ್ಬಿಗೆ ಬಂದು, ಕಡಬದ ಕೆರೆ ಏರಿಯ ಮೇಲೆ ನಡೆದು, ಸಂಜೆಗೆ ಅಮೃತೂರಿನ ಕಡೆಯಿಂದ ಮಾರ್ಕೋನಹಳ್ಳಿಯನ್ನು ದೂರದಿಂದ ನೋಡಿಬರುವುದು. ನೀರಿಗೆ ಕಾಲಿಡುವಂತಿಲ್ಲ. ಕೈಯಲ್ಲಿ ಒಂದು ನಕ್ಷೆ, ಒಂದು ಪೆನ್ಸಿಲ್. ಎಲ್ಲಿ ಕೆರೆ, ಎಲ್ಲಿ ಕೋಡಿ, ಎಲ್ಲಿ ಒಡ್ಡು, ಎಲ್ಲಿ ಹಳ್ಳ ಬಂದು ಸೇರುತ್ತದೆ ಎಂದು ಗುರುತು ಹಾಕುತ್ತ ಬಂದ ಹುಡುಗನಿಗೆ ಹೊಳೆ ಎಂದರೆ ಎದುರಿಗೆ ಕಾಣುವ ನೂರು ಅಡಿ ನೀರಲ್ಲ, ಬೆಟ್ಟದಿಂದ ಇಲ್ಲಿಯವರೆಗಿನದೆಲ್ಲ ಎಂಬುದು ಅರ್ಥವಾಗುತ್ತದೆ. ಅಪ್ಪನೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ತಾನು ಚಿಕ್ಕವನಿದ್ದಾಗ ಯಾವ ಕೆರೆಯಲ್ಲಿ ಈಜು ಕಲಿತೆ, ಯಾರು ಬೆನ್ನಿಗೆ ಸೋರೆಬುರುಡೆ ಕಟ್ಟಿದರು ಎಂಬ ಕಥೆಗಳು ಹೊರಬರುವುದು ಅಂಥ ಏರಿಯ ಮೇಲೆಯೇ.

ಸಂಕ್ರಾಂತಿ ಕಳೆದು ನಿಜವಾದ ದೋಣಿಯ ದಿನ ಬಂದಾಗ, ಹಾಳೆಯ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯವಾಗುತ್ತದೆ: ಯಾವ ಯಾವ ಕಾರಣಕ್ಕೆ ಇಳಿಯದೆ ಹಿಂತಿರುಗುತ್ತೇವೆ? ನೀರು ಕೆಂಪಾಗಿದ್ದರೆ, ಕಸಕಡ್ಡಿ ತೇಲಿಬರುತ್ತಿದ್ದರೆ, ದಡದಲ್ಲಿ ನೆಟ್ಟ ಕಡ್ಡಿಯ ಗುರುತು ಅರ್ಧ ಗಂಟೆಯಲ್ಲಿ ಮುಳುಗಿದರೆ, ದೂರದಲ್ಲಿ ಗುಡುಗಿದರೆ, ಅಂಬಿಗ ತಲೆ ಅಲ್ಲಾಡಿಸಿದರೆ, ಆರು ಜನರಲ್ಲಿ ಒಬ್ಬನಿಗೆ ಮನಸ್ಸಿಲ್ಲದಿದ್ದರೆ. ಈ ಸಾಲನ್ನು ಮನೆಯಲ್ಲಿ ಕುಳಿತು ತಣ್ಣಗಿನ ತಲೆಯಲ್ಲಿ ಬರೆದಿರಬೇಕು. ಹೊಳೆಯ ದಡದಲ್ಲಿ, ಗೆಳೆಯರ ಮುಂದೆ, ಮೂರು ಗಂಟೆ ಪ್ರಯಾಣ ಮಾಡಿ ಬಂದ ಮೇಲೆ "ಇವತ್ತು ಬೇಡ" ಎನ್ನಲು ಯಾವ ಹುಡುಗನಿಗೂ ಬಾಯಿ ಬಾರದು. ಬರೆದ ಹಾಳೆ ಅವನ ಪರವಾಗಿ ಆ ಮಾತು ಆಡುತ್ತದೆ.

ಅಂಥ ದಿನ ದಡದ ಮಾವಿನ ಮರದ ಕೆಳಗೆ ಊಟ ಮಾಡಿ, ಬರುವಾಗ ಮದ್ದೂರಿನಲ್ಲಿ ವಡೆ ತಿಂದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೂ ಪಯಣ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. "ನೀರು ಜಾಸ್ತಿ ಇತ್ತಪ್ಪಾ, ಇಳಿಯಲಿಲ್ಲ" ಎಂದು ಹೇಳಿ ಕೈಕಾಲು ತೊಳೆಯಲು ಹೋದ ಮಗನಿಗೆ, ಮುಂದಿನ ಸಲ ಹೋಗುತ್ತೇನೆಂದಾಗ, ಆ ಅಪ್ಪ ತಟ್ಟೆಯಿಂದ ತಲೆ ಎತ್ತಿಯೇ ಉತ್ತರ ಕೊಡುತ್ತಾರೆ.